ಹಿಂದೆ ತಿರುಗಿ ನೋಡದೆ ತಂದ ನೀರು

ಎಡೆ ಇಟ್ಟ ಮೇಲೆ ಮನೆಯಲ್ಲಿ ಯಾರೂ ಇರಬಾರದು ಎನ್ನುವುದು ನನ್ನ ಹೆಂಡತಿಯ ತವರಿನ ಕಟ್ಟಳೆ. ಪಿತೃಪಕ್ಷದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ, ಎಲೆಯ ಮೇಲೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಹೋಗಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ಎದುರಿಗೆ ಕೂತು ನೋಡಿದರೆ ಅವರಿಗೆ ಸಂಕೋಚವಂತೆ. ಇಷ್ಟು ನಮ್ಮ ಹಾಸನದ ಮನೆಯಲ್ಲೂ ಇತ್ತು. ನಾವು ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು, ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗಿ ಊಟಕ್ಕೆ ಕೂರುತ್ತಿದ್ದೆವು. ಮಂಡ್ಯ ಕಡೆಯ ಅವಳ ಮನೆಯಲ್ಲಿ ಇದಕ್ಕೆ ಇನ್ನೊಂದು ಬಾಲ ಸೇರಿಕೊಂಡಿತ್ತು. ಬಾಗಿಲು ಮುಚ್ಚಿದ ಮೇಲೆ ಮನೆಯವರಲ್ಲಿ ಯಾರಾದರೊಬ್ಬರು ಒಂಟಿಯಾಗಿ ಹೊಳೆಗೋ ನಾಲೆಗೋ ಹೋಗಿ ಚೊಂಬಿನಲ್ಲಿ ನೀರು ತುಂಬಿಕೊಂಡು ಬರಬೇಕು. ಆ ನೀರಿನ ಹಿಂದೆ ಹಿರಿಯರು ನಡೆದು ಬರುತ್ತಾರೆ. ಆದ್ದರಿಂದ ಬರುವಾಗ ಮಾತಾಡಬಾರದು, ಹಿಂದೆ ತಿರುಗಿ ನೋಡಬಾರದು. ಚೊಂಬನ್ನು ಎಲೆಯ ಪಕ್ಕದಲ್ಲಿ ಇಟ್ಟ ಮೇಲೆಯೇ ಬಾಯಿ ಬಿಡಬೇಕು.

“ಯಾಕೆ, ನಿಮ್ಮ ಹಿರಿಯರಿಗೆ ಮನೆ ದಾರಿ ಗೊತ್ತಿರಲಿಲ್ವಾ?” ಎಂದು ನಾನು ರೇಗಿಸುತ್ತಿದ್ದೆ.

“ನಮ್ಮೋರು ಮರ್ಯಾದಸ್ತರು ಕಣ್ರೀ. ಕರೆದ್ರೆ ಮಾತ್ರ ಬರೋರು. ನಿಮ್ಮ ಹಾಸನದೋರ ಥರ ಅಲ್ಲ” ಎನ್ನುತ್ತಿದ್ದಳು.

ಅವಳ ಊರಿನಲ್ಲಿ ನಾಲೆ ಹಿತ್ತಲ ಹಿಂದೆಯೇ ಹರಿಯುತ್ತಿತ್ತು. ನಾವು ಮನೆ ಮಾಡಿದ್ದು ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾದ ಎವರ್‌ಗ್ರೀನ್‌ನಲ್ಲಿ. ಅಡುಗೆಮನೆಯ ಸಿಂಕಿನಲ್ಲಿ ಬಿಸಿನೀರು ತಣ್ಣೀರು ಎರಡೂ ಬರುತ್ತವಲ್ಲ, ಅದರಲ್ಲೇ ತುಂಬಿಕೋ ಎಂದು ಮೊದಲ ವರ್ಷ ಹೇಳಿದೆ. ನಲ್ಲಿ ನೀರಿಗೆ ಯಾರೂ ಬರಲ್ಲ ಎಂದು ಮುಖ ತಿರುಗಿಸಿದಳು. ಕೊನೆಗೆ ಅವಳೇ ಸುನೋಲ್ ಬೆಟ್ಟಗಳ ನಡುವೆ ಒಂದು ಹಳ್ಳದ ಕಣಿವೆಯನ್ನು ಹುಡುಕಿಕೊಂಡಳು. ಅಂದಿನಿಂದ ಪ್ರತಿವರ್ಷ ಎಡೆ ಇಟ್ಟು, ಬೀಗ ಹಾಕಿ, ನಾನು ಅವಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ರೇಡಿಯೊ ಕೇಳುವುದು ನನ್ನ ಕೆಲಸ. ಅವಳು ಹಿತ್ತಾಳೆ ಚೊಂಬು ಹಿಡಿದು ಒಬ್ಬಳೇ ದಾರಿ ಹತ್ತಿ ಹೋಗುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಕೈಗೆಲ್ಲ ಮಣ್ಣು ಮಾಡಿಕೊಂಡು, ಚೊಂಬು ತುಂಬಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ವರ್ಷಕ್ಕೊಮ್ಮೆ ಅವಳು ಬಾಯಿ ಮುಚ್ಚಿಕೊಂಡಿರುತ್ತಿದ್ದ ದಾರಿ ಅದು. ಆ ದಾರಿಯುದ್ದಕ್ಕೂ ನಾನು ಬೇಕೆಂದೇ ಅವಳನ್ನು ಮಾತಿಗೆಳೆಯುತ್ತಿದ್ದೆ. ಅವಳು ಕಿಟಕಿಯ ಕಡೆ ನೋಡುತ್ತಾ ನಗು ತಡೆದುಕೊಳ್ಳುತ್ತಿದ್ದಳು.

ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಕಾಯಿಲೆಯ ಕತೆ ಇಲ್ಲಿ ಬೇಡ, ಅದನ್ನು ಹೇಳಿ ಹೇಳಿ ನನಗೂ ಸಾಕಾಗಿದೆ. ಬೇಸಿಗೆ ಬರುವಷ್ಟರಲ್ಲಿ ನಾನು ಎವರ್‌ಗ್ರೀನ್ ಮನೆ ಬಿಟ್ಟು ಯೂನಿಯನ್ ಸಿಟಿಯ ಒಂದು ಅಪಾರ್ಟ್‌ಮೆಂಟಿಗೆ ಬಂದೆ. ಬರ್ಕ್ಲಿಯಲ್ಲಿ ಓದುತ್ತಿರುವ ಮಗಳು ಟ್ರೈನು ಇಳಿದು ನಡೆದೇ ಬರಬಹುದು ಎಂದು ಎಲ್ಲರಿಗೂ ಹೇಳಿದೆ. ಆ ಹಳೆಯ ಅಡುಗೆಮನೆಯಲ್ಲಿ ಒಬ್ಬನೇ ನಿಂತು ಕಾಫಿ ಕುಡಿಯಲಾಗದೆ ಓಡಿಬಂದೆ ಎಂದು ಯಾರಿಗೂ ಹೇಳಲಿಲ್ಲ.

ಪಿತೃಪಕ್ಷ ಹತ್ತಿರ ಬಂದಾಗ ಒಂದು ಮಾತು ಹೊಳೆಯಿತು. ಈ ಅಪಾರ್ಟ್‌ಮೆಂಟಿನ ಬಾಗಿಲನ್ನು ಅವಳು ನೋಡಿಯೇ ಇರಲಿಲ್ಲ. ಇದು ಅವಳಿಗೆ ಇಡುವ ಮೊದಲ ಎಡೆ. ಮೊದಲ ಎಡೆಗೆ ದಾರಿ ತಪ್ಪಿದವರು ಆಮೇಲೆ ಎಷ್ಟು ಕರೆದರೂ ಬರುವುದಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದರು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ನಂಬದೆ ಇರುವುದು ಬೇರೆಯವರ ಮನೆಯ ಸಾವಿನಲ್ಲಿ ಸುಲಭ. ಅವಳು ಎವರ್‌ಗ್ರೀನ್ ಮನೆಗೆ ಹೋಗಿ, ಅಲ್ಲಿ ಯಾರೋ ಬೇರೆಯವರು ಟೀವಿ ನೋಡುತ್ತಾ ಕೂತಿರುವುದನ್ನು ಕಂಡು, ಬಾಗಿಲಲ್ಲೇ ನಿಂತುಬಿಡುತ್ತಾಳೆ ಎಂಬ ಯೋಚನೆ ಒಮ್ಮೆ ತಲೆಗೆ ಹೊಕ್ಕ ಮೇಲೆ ಹೊರಗೆ ಹೋಗಲಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು ಎನ್ನುವಂಥ ಜಾಗ ಆ ಕಣಿವೆ ಒಂದೇ. ಅಲ್ಲಿಂದ ನೀರು ತಂದರೆ ಹಿಂದೆಯೇ ಬಂದಾಳು ಎಂದುಕೊಂಡೆ.

ಮಗಳಿಗೆ ಫೋನ್ ಮಾಡಿ ಶನಿವಾರ ಸಂಜೆ ಬಾ ಎಂದೆ.

“ಐ ಕ್ಯಾನ್ ಕಮ್ ಅರ್ಲಿ, ಅಪ್ಪ. ಅಡುಗೆಗೆ ಹೆಲ್ಪ್ ಮಾಡ್ತೀನಿ. ನನ್ ಹತ್ರ ಕೀ ಇದೆ.”

“ಬೇಡ. ನಾನು ನೀರಿಗೆ ಹೋಗಿ ಬರೋವರೆಗೂ ಮನೇಲಿ ಯಾರೂ ಇರ್ಬಾರ್ದು. ಗೊತ್ತಲ್ಲ ನಿಂಗೆ.”

“ಐ ನೋ” ಎಂದಳು. ಆಮೇಲೆ “ಓಕೆ” ಎಂದಳು.

ಶನಿವಾರ ಬೆಳಿಗ್ಗೆ ಕೋಳಿಸಾರು ಮಾಡಿದೆ, ಮುದ್ದೆ ಕಟ್ಟಿದೆ. ಮುದ್ದೆ ಗಂಟುಗಂಟಾಯಿತು. ಇದನ್ನು ಕಂಡರೆ ಬಂದವಳು ಬಂದ ಹಾಗೇ ವಾಪಸ್ ಹೋಗುತ್ತಾಳೆ ಎಂದು ಎರಡನೆಯ ಸಲ ಕಟ್ಟಿದೆ. ಗ್ರೋಸರಿಯಿಂದ ತಂದ ಬಾಳೆಎಲೆಯ ಮೇಲೆ ಅವೆರಡನ್ನೂ ಬಡಿಸಿ, ಕಜ್ಜಾಯ, ಹುರಿಗಾಳು, ಅವಳು ಶುಗರಿಗೆ ಹೆದರಿ ಬಿಟ್ಟಿದ್ದ ಬಾದಾಮಿ ಕ್ರೊಸಾಂಟು, ಎಲ್ಲ ಇಟ್ಟೆ. ಪಕ್ಕದಲ್ಲಿ ಹೊಸ ಸೀರೆ. ಧೂಪದ ಹೊಗೆಗೆ ಸ್ಮೋಕ್ ಅಲಾರಂ ಬಡಿದುಕೊಳ್ಳದಿರಲಿ ಎಂದು ಅದಕ್ಕೊಂದು ಪ್ಲಾಸ್ಟಿಕ್ ಕವರು ಕಟ್ಟಿದೆ. ಬಾಗಿಲು ಹಾಕಿಕೊಂಡು, ಚೊಂಬು ಹಿಡಿದು ಹೊರಟೆ.

ಇಲ್ಲಿಯ ಫಾಲ್, ಅಂದರೆ ಎಲೆ ಉದುರುವ ಕಾಲ, ಹೆಸರಿಗೆ ಮಾತ್ರ. ಕ್ಯಾಲೆಂಡರಿನ ಚಿತ್ರಗಳಲ್ಲಿ ಇರುವ ಕೆಂಪು ಹಳದಿ ಎಲೆಗಳ ಕಾಡು ದೇಶದ ಆ ತುದಿಯದು. ನಮ್ಮ ಕಡೆ ತಿಂಗಳುಗಟ್ಟಲೆ ಮಳೆ ಕಾಣದೆ ಬೆಟ್ಟದ ಹುಲ್ಲೆಲ್ಲ ಒಣಗಿ ಬಿಸಿಲು ಚುರುಗುಟ್ಟುವ ಕಾಲ ಇದು. ಪಾರ್ಕಿಂಗ್ ಲಾಟಿನಲ್ಲಿ ನಾಲ್ಕಾರು ಕಾರುಗಳಿದ್ದವು. ನಾನು ಪ್ರತಿವರ್ಷ ನಿಲ್ಲಿಸುತ್ತಿದ್ದ ಓಕ್ ಮರದ ಕೆಳಗೇ ನಿಲ್ಲಿಸಿದೆ. ಇಲ್ಲಿಂದ ಮುಂದೆ ನಾನು ಹೆಜ್ಜೆ ಇಟ್ಟವನೇ ಅಲ್ಲ. ಅವಳು ಎಲ್ಲಿ ನೀರು ತುಂಬುತ್ತಿದ್ದಳೋ ಕೇಳಿಕೊಂಡಿರಲಿಲ್ಲ. ಈಗ ಕೇಳೋಣವೆಂದರೆ ಹೇಳಬೇಕಾದವಳನ್ನು ಕರೆಯುವುದಕ್ಕೇ ನಾನು ಹೊರಟಿದ್ದೆ.

ಮರದ ಸೇತುವೆ ದಾಟಿ ದಾರಿ ಹಳ್ಳದ ಪಕ್ಕದಲ್ಲಿ ಮೇಲೆ ಸಾಗುತ್ತದೆ. ಸೇತುವೆಯ ಮೇಲೆ ನಿಂತು ಬಗ್ಗಿ ನೋಡಿದೆ. ಹಳ್ಳದಲ್ಲಿ ಒಂದು ತೊಟ್ಟು ನೀರಿರಲಿಲ್ಲ. ಬಿಳಿ ಕಲ್ಲುಗಳು, ಅವುಗಳ ಮೇಲೆ ಅಂಗೈಗಿಂತ ಅಗಲವಾದ ಸೈಕಮೋರ್ ಎಲೆಗಳು ಕಂದುಬಣ್ಣಕ್ಕೆ ತಿರುಗಿ ಬಿದ್ದಿದ್ದವು. ಮೇಲೆ ಹೋದರೆ ಇರಬಹುದು ಎಂದು ನಡೆದೆ. ಒಂದು ತಿರುವು ದಾಟಿದೆ, ಇನ್ನೊಂದು ದಾಟಿದೆ. ಕಲ್ಲು, ಮರಳು, ಎಲೆ. ಫೋನಿನಲ್ಲಿ ಸಿಗ್ನಲ್ ಹೋಯಿತು. ಬೆಟ್ಟದ ಮೈಮೇಲೆ ಮೇಯುತ್ತಿದ್ದ ಕಪ್ಪು ದನಗಳು ತಲೆಯೆತ್ತಿ ನೋಡಿದವು. ದಾರಿಗೆ ಅಡ್ಡವಾಗಿ ಮೈತುಂಬ ಕೂದಲಿನ ದೊಡ್ಡ ಜೇಡವೊಂದು ನಿಧಾನವಾಗಿ ದಾಟುತ್ತಿತ್ತು. ಅದು ಹೋಗುವ ತನಕ ಚೊಂಬು ಹಿಡಿದು ಕಾದೆ.

ಸ್ವಲ್ಪ ಮೇಲೆ ಮುಳ್ಳುತಂತಿಯ ಬೇಲಿಯ ಪಕ್ಕದಲ್ಲಿ ದನಕ್ಕೆ ನೀರು ಬಿಡುವ ತೊಟ್ಟಿ ಇತ್ತು. ತುಂಬ ಪಾಚಿ ಕಟ್ಟಿದ ನೀರು. ಇಲ್ಲಿಂದಲೇ ತುಂಬಿಕೊಂಡು ಬಂದು ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದಳೇನೋ ಎಂಬ ಅನುಮಾನ ಬಂತು. ಅವಳು ಅಂಥವಳೇ. ನಗು ಬಂತು. ಚೊಂಬನ್ನು ಅದ್ದಬೇಕೆಂದು ಬಗ್ಗಿಯೂ ಬಗ್ಗಿದೆ. ಆಮೇಲೆ, ಬೇರೆ ಯಾರಿಗಾದರೂ ಆಗಿದ್ದರೆ ನಡೆದೀತು, ಮೊದಲ ಎಡೆಗೆ ಇವಳನ್ನು ದನದ ತೊಟ್ಟಿಯಿಂದ ಕರೆಯುವುದೇ ಎಂದು ಮನಸ್ಸು ಒಪ್ಪಲಿಲ್ಲ.

ಮುಂದೆ ಕಣಿವೆ ಕಿರಿದಾಯಿತು. ಎರಡೂ ಕಡೆ ಬೆಟ್ಟ ಎದ್ದು ನಿಂತು ಬಿಸಿಲು ಕಡಿಮೆಯಾಯಿತು. ಹಕ್ಕಿಗಳ ಸದ್ದೂ ನಿಂತಿತು. ಕಾಲುದಾರಿ ಬಿಟ್ಟು ಹಳ್ಳದೊಳಕ್ಕೆ ಇಳಿದೆ. ನೀರು ಸಿಗದಿದ್ದರೆ ಏನು ಮಾಡುವುದು? ನಲ್ಲಿ ನೀರಿಗೆ ಬರದವಳು ಖಾಲಿ ಚೊಂಬಿಗೆ ಬರುತ್ತಾಳೆಯೇ? ಒಂದು ಮುದಿ ಸೈಕಮೋರ್ ಮರ ದಂಡೆಯಿಂದ ಹಳ್ಳದ ಕಡೆಗೆ ಬಾಗಿಕೊಂಡಿತ್ತು. ಸುಸ್ತಾಗಿ ಅದರ ಬೇರಿನ ಮೇಲೆ ಕೂತೆ. ಕೈ ಊರಿದ ಕಡೆ, ಬೇರಿನ ಪೊಟರೆಯೊಳಗೆ, ಏನೋ ಗಟ್ಟಿಯಾದದ್ದು ತಾಗಿತು.

ತೆಂಗಿನ ಚಿಪ್ಪು.

ಕ್ಯಾಲಿಫೋರ್ನಿಯಾದ ಆ ಹಳ್ಳದಲ್ಲಿ ತೆಂಗಿನ ಚಿಪ್ಪನ್ನು ಇಡುವವರು ಲೋಕದಲ್ಲಿ ಇನ್ಯಾರಿದ್ದಾರೆ! ಅಂಚು ಸವೆದಿತ್ತು, ಒಳಗೆ ಮರಳು ಮೆತ್ತಿಕೊಂಡಿತ್ತು. ಆಗ ಅವಳ ಕೈಯ ಮಣ್ಣಿನ ಅರ್ಥ ಆಯಿತು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಅವಳ ಊರಿನ ಹೆಂಗಸರು ಮರಳಿನಲ್ಲಿ ಒರತೆ ತೋಡುತ್ತಿದ್ದರು. ಮರಳು ಬಗೆದು ಗುಂಡಿ ಮಾಡಿ ಕಾದರೆ ಅಡಿಯಿಂದ ನೀರು ಜಿನುಗಿ ತುಂಬುತ್ತದೆ, ಅದನ್ನು ಚಿಪ್ಪಿನಲ್ಲಿ ಮೊಗೆದುಕೊಳ್ಳುತ್ತಿದ್ದರು. ನಾನು ಕಾರಿನಲ್ಲಿ ಕೂತು ರೇಡಿಯೊ ಕೇಳುತ್ತಿದ್ದಾಗ ಅವಳು ಇಲ್ಲಿ ಮಂಡಿಯೂರಿ ಒರತೆ ತೋಡುತ್ತಿದ್ದಳು.

ಚಿಪ್ಪು ಹಿಡಿದು ಮರದ ಬುಡದ ಮರಳು ಬಗೆದೆ. ಮೊಣಕೈ ಮುಳುಗುವಷ್ಟು ತೋಡಿದ ಮೇಲೆ ಮರಳು ತಣ್ಣಗಾಯಿತು, ಆಮೇಲೆ ಒದ್ದೆಯಾಯಿತು. ಕೂತು ಕಾದೆ. ಮೊದಲು ಕೆಸರು, ಆಮೇಲೆ ಬಗ್ಗಡ, ಕೊನೆಗೆ ಕೈ ಕಾಣುವಷ್ಟು ತಿಳಿ. ಒಂದೊಂದೇ ಚಿಪ್ಪು ಮೊಗೆದು ಚೊಂಬು ತುಂಬಿದೆ. ಮಾತು ನಿಲ್ಲಿಸಬೇಕಾದ ಹೊತ್ತು ಬಂದಿತ್ತು. ಅದಕ್ಕೆ ಮುಂಚೆ ಒಂದು ಸಲ, ಮನೆಯಲ್ಲಿ ಕರೆಯುತ್ತಿದ್ದ ಹಾಗೆಯೇ, “ಬಾರೇ, ಹೊತ್ತಾಯ್ತು” ಎಂದು ಕರೆದೆ. ದನಿ ಕಲ್ಲುಗಳ ಮೇಲೆ ಬಿದ್ದು ಅಲ್ಲೇ ಉಳಿಯಿತು. ಚಿಪ್ಪನ್ನು ಪೊಟರೆಯಲ್ಲಿ ಮೊದಲಿದ್ದ ಹಾಗೆ ಇಟ್ಟು, ಚೊಂಬು ಎತ್ತಿಕೊಂಡು ಕೆಳಗಿನ ಕಡೆ ನಡೆದೆ.

ಸ್ವಲ್ಪ ದೂರ ಬಂದಿದ್ದೆ, ಹಿಂದಿನಿಂದ ಎಲೆ ತುಳಿದ ಸದ್ದಾಯಿತು.

ನನ್ನ ಹೆಜ್ಜೆಯದೇ ಇರಬೇಕು ಎಂದು ನಿಂತೆ. ನಾನು ನಿಂತ ಮೇಲೆ ಇನ್ನೊಂದು ಸಲ ಎಲೆ ಮುರಿಯಿತು, ಆಮೇಲೆ ನಿಂತಿತು. ನಡೆದೆ, ಅದೂ ನಡೆಯಿತು. ದನ ಇರಬಹುದು, ಜಿಂಕೆ ಇರಬಹುದು, ಗಾಳಿಯೂ ಇರಬಹುದು. ತಿರುಗಿ ನೋಡಿದರೆ ಗೊತ್ತಾಗಿಬಿಡುತ್ತದೆ, ನೋಡುವ ಹಾಗಿಲ್ಲ. ನನಗೆ ಹೆದರಿಕೆಯಾಯಿತು. ಅವಳು ಬದುಕಿದ್ದಾಗಲೂ ಹೆದರುತ್ತಿದ್ದೆ ಬಿಡಿ, ಅದು ಬೇರೆ ಥರದ್ದು. ಈ ಹೆದರಿಕೆಯಲ್ಲಿ ಕತ್ತಿನ ಹಿಂದೆ ತಣ್ಣಗಾಗುತ್ತಿತ್ತು, ಅದೇ ಹೊತ್ತಿಗೆ ಹಿಗ್ಗೂ ಆಗುತ್ತಿತ್ತು. ಕಲ್ಲು ಹೆಚ್ಚಿದ್ದ ಕಡೆ ನಾನು ನಿಧಾನ ಮಾಡಿದೆ, ಅವಳ ಎಡಗಾಲಿನ ಮಂಡಿ ನೋವು ನೆನೆದು. ಸದ್ದೂ ನಿಧಾನವಾಯಿತು. ಅಷ್ಟು ದಿನ ಒಬ್ಬನೇ ನಡೆದು ಒಬ್ಬನೇ ಉಂಡ ನನಗೆ ಆ ದಾರಿ ಮುಗಿಯುವುದೇ ಬೇಡವಾಗಿತ್ತು.

ಆದರೆ ಸೇತುವೆ ಬಂತು. ಹಲಗೆಗಳ ಮೇಲೆ ನನ್ನ ಬೂಟು ದಡದಡ ಸದ್ದು ಮಾಡಿತು. ದಾಟಿ ಈಚೆ ನಿಂತು ಕಾದೆ. ಹಲಗೆಗಳ ಮೇಲೆ ಇನ್ನೊಂದು ಸದ್ದು ಕೇಳಬೇಕಿತ್ತು. ಕೇಳಲಿಲ್ಲ. ನೀರಿಲ್ಲದ ಹಳ್ಳವನ್ನು ದಾಟಲಾರದೆ ಆಚೆ ನಿಂತಳೋ, ಅಲ್ಲಿ ಯಾರೂ ಇರಲೇ ಇಲ್ಲವೋ. ಬಾ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ತಿರುಗಿ ನೋಡಬೇಕೆಂಬ ಆಸೆಗೆ ಕತ್ತು ನೋಯತೊಡಗಿತು. ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ನಾನು ಇನ್ನೊಂದು ಮಾಡಿಲ್ಲ. ಕೊನೆಗೆ ಮುಂದೆ ನಡೆದೆ.

ಪಾರ್ಕಿಂಗ್ ಲಾಟಿನ ಕಡೆಯಿಂದ ಒಬ್ಬ ಮುದುಕ, ಮುದುಕಿ, ಒಂದು ನಾಯಿ ಎದುರು ಬಂದರು. ಹಲೋ ಎಂದರು. ನಾನು ತಲೆಯಾಡಿಸಿದೆ. ಅವರ ಕಣ್ಣು ನನ್ನ ಎದೆಗೊತ್ತಿಕೊಂಡಿದ್ದ ಚೊಂಬಿನ ಮೇಲೆ ಬಿತ್ತು, ಮಣ್ಣಾದ ಕೈಗಳ ಮೇಲೆ ಬಿತ್ತು. ಮುದುಕ ಟೋಪಿ ತೆಗೆದ. “ಸೋ ಸಾರಿ ಫಾರ್ ಯುವರ್ ಲಾಸ್” ಎಂದಳು ಆಕೆ, ಬಹಳ ಮೆಲ್ಲಗೆ.

ಚೊಂಬಿನಲ್ಲಿ ಬೂದಿ ಇದೆ ಎಂದುಕೊಂಡಿದ್ದರು. ಈ ದೇಶದಲ್ಲಿ ಒಂಟಿ ಗಂಡಸು ಹಿತ್ತಾಳೆಯ ಪಾತ್ರೆ ಅಪ್ಪಿಕೊಂಡು ಬೆಟ್ಟದಲ್ಲಿ ನಡೆಯುವುದು ಅದೊಂದಕ್ಕೇ. ಅಲ್ಲಮ್ಮ, ಇದು ನೀರು, ಬೂದಿ ಶ್ರೀರಂಗಪಟ್ಟಣದಲ್ಲಿ ಎಂದೋ ಹರಿದುಹೋಯಿತು ಎಂದು ಹೇಳುವ ಹಾಗಿರಲಿಲ್ಲ. ಆಮೇಲೆ ಯೋಚಿಸಿದರೆ ಅವರು ತಪ್ಪೇನೂ ತಿಳಿದಿರಲಿಲ್ಲ. ಆಫೀಸಿನವರು, ನೆಂಟರು, ದೇವಸ್ಥಾನದವರು ಎಲ್ಲರೂ ಇದೇ ಮಾತು ಹೇಳಿದಾಗ ಕಲ್ಲಿನಂತೆ ಇದ್ದವನ ಕಣ್ಣಲ್ಲಿ ಆಗ ನೀರು ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವರು ದಾರಿ ಬಿಟ್ಟು ಪಕ್ಕಕ್ಕೆ ನಿಂತರು. ನಾನು ದಾಟಿದ ಮೇಲೂ ಅವರ ಹೆಜ್ಜೆ ಸದ್ದಾಗಲಿ ನಾಯಿಯ ಕೊರಳ ಬಿಲ್ಲೆಯ ಸದ್ದಾಗಲಿ ಕೇಳಲಿಲ್ಲ. ಇನ್ನೂ ಯಾರೋ ದಾಟಬೇಕಾದವರಿದ್ದಾರೆ ಎಂಬಂತೆ ನಿಂತೇ ಇದ್ದರು. ಮರ್ಯಾದೆಗೆ ನಿಂತಿರಬಹುದು. ನೋಡುವ ಹಾಗಿರಲಿಲ್ಲವಲ್ಲ.

ಕಾರಿನಲ್ಲಿ ಹೊಸ ತಾಪತ್ರಯ. ಚೊಂಬನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಕಟ್ಟಿದೆ. ಓಕ್ ಮರದ ಕಡೆ ಮೂತಿ ಮಾಡಿ ನಿಲ್ಲಿಸಿದ್ದ ಕಾರನ್ನು ಹಿಂದಕ್ಕೆ ತೆಗೆಯದೆ ಬೇರೆ ದಾರಿಯಿರಲಿಲ್ಲ. ಕತ್ತು ತಿರುಗಿಸುವಂತಿಲ್ಲ, ಕನ್ನಡಿಯಲ್ಲಿ ನೋಡುವಂತಿಲ್ಲ. ಕ್ಯಾಮೆರಾ ಇದೆ. ಎದುರಿಗಿರುವ ಪರದೆಯಲ್ಲಿ ನೋಡಿದರೆ ಹಿಂದೆ ನೋಡಿದ ಲೆಕ್ಕವೇ? ಅತ್ತೆಯ ಕಾಲಕ್ಕೆ ಈ ಪ್ರಶ್ನೆ ಹುಟ್ಟಿರಲಿಲ್ಲ. ಎದುರಿಗೇ ತಾನೇ ನೋಡುತ್ತಿದ್ದೇನೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ರಿವರ್ಸ್ ಹಾಕಿದೆ. ಪರದೆಯಲ್ಲಿ ಜಲ್ಲಿ ನೆಲ, ಉದುರಿದ ಎಲೆ, ಆಚೆ ಸೇತುವೆಯ ತುದಿ ಕಾಣಿಸಿತು. ಯಾರೂ ಇರಲಿಲ್ಲ. ಯಾರೂ ಇರುವುದಿಲ್ಲ ಎಂದು ಗೊತ್ತಿದ್ದೇ ನೋಡಿದ್ದೆ. ನೋಡಬಾರದಿತ್ತು. ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಸುತ್ತಿತು. ಅವಳು ಸೇತುವೆಯ ಆಚೆಯೇ ಉಳಿದಳು, ನಾನು ಬರೀ ನೀರು ತರುತ್ತಿದ್ದೇನೆ ಎನ್ನುವುದು ಯೂನಿಯನ್ ಸಿಟಿ ಸೇರುವಷ್ಟರಲ್ಲಿ ನನಗೆ ಖಚಿತವಾಗಿತ್ತು.

ಮೆಟ್ಟಿಲು ಹತ್ತಿ ಹೋದರೆ ಅಪಾರ್ಟ್‌ಮೆಂಟಿನ ಬಾಗಿಲು ಹಾರುಹೊಡೆದಿತ್ತು.

ಕಳ್ಳರು ಎಂದುಕೊಂಡೆ. ಒಳಗೆ ನೋಡಿದರೆ ಮಗಳು. ಎಲೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ತೆರೆದ ಬಾಗಿಲಿನಿಂದ ಬಂದ ನೊಣಗಳು ಎಡೆಯ ಮೇಲೆ ಕೂರದ ಹಾಗೆ ತನ್ನ ಟೋಪಿಯಿಂದ ಗಾಳಿ ಹಾಕುತ್ತಿದ್ದಳು. ಉಣ್ಣುತ್ತಿರುವವರ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುವ ಹಾಗೆ. ಮುಖ ನೋಡಿದರೆ ನಾನು ಹೊರಟಾಗಿನಿಂದ ಅಲ್ಲೇ ಇದ್ದ ಹಾಗಿತ್ತು. ಸಿಟ್ಟು ನೆತ್ತಿಗೇರಿತು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದೆ ಇವಳಿಗೆ. ಬಯ್ಯುವ ಹಾಗಿಲ್ಲ, ಚೊಂಬು ಇನ್ನೂ ಕೈಯಲ್ಲಿತ್ತು. ಬಾಗಿಲು ತಟ್ಟಬೇಕು, ತೆರೆದಿರುವ ಬಾಗಿಲನ್ನು ಏನೆಂದು ತಟ್ಟುವುದು? ಹೊಸ್ತಿಲಲ್ಲಿ ನಿಂತು ಕೆಮ್ಮಿದೆ.

ಅವಳು ತಲೆಯೆತ್ತಿದಳು. ನನ್ನ ಮುಖ ನೋಡಿದ ಕೂಡಲೇ ಎದ್ದು ನಿಂತಳು.

“ಐ ನೋ ದ ರೂಲ್, ಅಪ್ಪ. ಬಯ್ಬೇಡಿ. ನಂಗೊತ್ತು ಈಗ ನೀವು ಮಾತಾಡೋ ಹಾಗಿಲ್ಲ, ಸೋ ಜಸ್ಟ್ ಲಿಸನ್.” ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು. “ಎವರ್‌ಗ್ರೀನ್ ಮನೇಲಾದ್ರೆ ಯಾರೂ ಇಲ್ದಿದ್ರೂ ಓಕೆ. ಅಮ್ಮಂಗೆ ಆ ಮನೆ ಗೊತ್ತಿತ್ತು. ಇಲ್ಲಿ ಎಲ್ಲ ಬಾಗ್ಲೂ ಸೇಮ್ ಇದೆ. ಯಾರೂ ಇಲ್ಲ ಅಂದ್ರೆ ಇದು ಜಸ್ಟ್ ಸಮ್ ಅಪಾರ್ಟ್‌ಮೆಂಟ್. ಶಿ ವುಡ್ ಥಿಂಕ್ ಇಟ್ಸ್ ಸಮ್‌ಬಡಿ ಎಲ್ಸಸ್ ಫುಡ್. ಶಿ ವೋಂಟ್ ಟಚ್ ಇಟ್. ಅಮ್ಮ ಹಾಗೇ ಅಲ್ವಾ?”

ಅಮ್ಮ ಹಾಗೆಯೇ. ಬೇರೆಯವರ ಮನೆಯಲ್ಲಿ ಮೂರು ಸಲ ಹೇಳಿಸಿಕೊಳ್ಳದೆ ಒಂದು ಲೋಟ ನೀರೂ ಮುಟ್ಟದವಳು. ನಾನು ಒಳಗೆ ಬಂದು ಮಂಡಿಯೂರಿ ಚೊಂಬನ್ನು ಎಲೆಯ ಪಕ್ಕದಲ್ಲಿ ಇಟ್ಟೆ. ಈಗ ಮಾತಾಡಬಹುದಿತ್ತು. ದಾರಿಯಲ್ಲಿ ಕೂಡಿಟ್ಟ ಮಾತುಗಳಲ್ಲಿ, ಹೊಸ್ತಿಲಲ್ಲಿ ಹುಟ್ಟಿದ ಬೈಗುಳದಲ್ಲಿ, ಒಂದೂ ಬಾಯಿಗೆ ಬರಲಿಲ್ಲ.

“ಬಂದಿದ್ಲಾ?” ಎಂದೆ.

ಮಗಳು ಎಲೆಯ ಕಡೆ ನೋಡಿದಳು. ಅವಳು ಸುಳ್ಳು ಹೇಳುವವಳಲ್ಲ.

“ಗೊತ್ತಿಲ್ಲಪ್ಪ” ಎಂದಳು, ಕನ್ನಡದಲ್ಲೇ. “ಬಂದಿದ್ರೆ, ಮನೇಲಿ ನಾನಿದ್ದೆ.”